ಕಾಶಿಯ ಕೈಯಿಂದ ತುಂಬಿದ ಉಡಿ

ಕಾಶಿ, ಆ ಹೆಸರಿಲ್ಲದ ದೂರು ಬರೆದವಳು ನಾನು. ನಿನ್ನ ತಮ್ಮ ಸಿದ್ದಾರಾಮ ಅಲ್ಲ — ನಾನು, ನಿನ್ನ ಹಾಸ್ಟೆಲಿನ ಗೆಳತಿ ಮಹಾನಂದಾ. ನಾಲ್ಕು ವರ್ಷಗಳಿಂದ ನೀನು ಅವನ ಮುಖ ನೋಡಿಲ್ಲ. ನಾಲ್ಕು ಭಾವುಬೀಜ ಬಂದು ಹೋದವು, ಒಡಹುಟ್ಟಿದವನಿಗೆ ನೀನು ಆರತಿ ಎತ್ತಲಿಲ್ಲ. ಆ ನಾಲ್ಕೂ ದೀಪಾವಳಿಗೆ ನನ್ನ ಮನೆಗೆ ಮಾತ್ರ ಕರಜಗಿಯಿಂದ ನಿನ್ನ ಶೇಂಗಾ ಹೋಳಿಗೆಯ ಡಬ್ಬಿ ತಪ್ಪದೆ ಬಂತು. ನಾನು ತಿಂದೆ. ಚೆನ್ನಾಗಿವೆ ಎಂದು ಫೋನು ಮಾಡಿಯೂ ಹೇಳಿದೆ.

ಹೀಗೆ ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದೇನೆ. ಸುತ್ತಿ ಬಳಸಿ ಹೇಳತೊಡಗಿದರೆ ನಡುವೆ ಎಲ್ಲಾದರೂ ನುಣುಚಿಕೊಳ್ಳುವವಳು ನಾನು. ಅದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು — ಆ ಒಂದು ಸಂಗತಿಯಿಂದಲೇ ಅಲ್ಲವೇ ಇದೆಲ್ಲ ಹುಟ್ಟಿದ್ದು.

ಆ ಸಹಾಯಾರ್ಥ ಊಟ ನಿನಗೆ ನೆನಪಿದೆ. ಬರಿಗಾಲಲ್ಲಿ ಫುಟ್‌ಬಾಲ್ ಆಡುವ ಹಳ್ಳಿಯ ಹುಡುಗಿಯರಿಗೆ ಬೂಟು ಕೊಡಿಸಬೇಕೆಂದು ಸೊಲ್ಲಾಪುರದ ನಮ್ಮ ವ್ಯಾಪಾರಿ ಬಳಗದವರು ಒಂದು ಬುಧವಾರ ಸಂಜೆ ಇಟ್ಟುಕೊಂಡಿದ್ದರು. ಮುಂದಿನ ಭಾನುವಾರವೇ ಜಿಲ್ಲೆಯ ಹೆಣ್ಣುಮಕ್ಕಳ ಫೈನಲ್ಲು: ನನ್ನ ಶಹರದ ತಂಡ, ನಿನ್ನ ಕರಜಗಿಯ ತಂಡ. ಎರಡೂ ತಂಡಗಳ ಮ್ಯಾನೇಜರುಗಳನ್ನು ವಿಶೇಷ ಅತಿಥಿಗಳೆಂದು ಕೂಡಿಸಿದರೆ ಜನ ಬರುತ್ತಾರೆ ಎಂದು ಯಾರಿಗೋ ಹೊಳೆದಿತ್ತು. ಕುಸ್ತಿಯ ಪೈಲವಾನರ ಹಾಗೆ ನಮ್ಮಿಬ್ಬರ ಫೋಟೊ ಎದುರುಬದುರು ಹಾಕಿ ಬ್ಯಾನರ್ ಕಟ್ಟಿದ್ದರು. ನನ್ನ ಮುಖಕ್ಕಿಂತ ನಿನ್ನ ಮುಖ ತುಸು ದೊಡ್ಡದಾಗಿ ಬಂದಿತ್ತು. ನಾನು ಅದನ್ನೂ ಅಳೆದು ನೋಡಿದ್ದೆ ಎಂದರೆ ನೀನು ನಗಬಹುದು, ಆದರೆ ನೋಡಿದ್ದೆ.

ಊಟ ಇಟ್ಟಿದ್ದ ವಾಡೆಯ ಒಡತಿ ಗೌರಾಬಾಯಿ, ಎಂಬತ್ತರ ಮುದುಕಿ, ನಮ್ಮನ್ನು ಪಂಗತಿಯಲ್ಲಿ ಒತ್ತಟ್ಟಿಗೆ ಕೂಡಿಸಿದಳು. ಕಡಕ್ ಭಾಕರಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಎದುರಿನ ಸಾಲಿನಲ್ಲಿ ನನ್ನ ತಂಡದ ಹುಡುಗಿಯರು. ಊಟ ಮುಗಿಯುವ ಹೊತ್ತಿಗೆ ಯಾರೋ ನಿನ್ನ ಕೈಗೆ ಮೈಕು ಕೊಟ್ಟರು. ಎದುರಾಳಿಯ ಬಗ್ಗೆ ನಾಲ್ಕು ಮಾತು ಹೇಳಿ ಎಂದರು. ನೀನು ಎದ್ದು ನಿಂತು ಸೆರಗು ಸರಿಮಾಡಿಕೊಂಡೆ, ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದೆ.

"ನಮ್ಮ ನಂದಾ ಕಾಲೇಜಿನ ಫೈನಲ್ಲಿಗಿ ಹೆದರಿ, ಜ್ವರಾ ಬರಲಿ ಅಂತ ಬಗಲಾಗ ಉಳ್ಳಾಗಡ್ಡಿ ಇಟ್ಕೊಂಡ ಮಲಗಿದ್ಲರಿ! ಜ್ವರಾ ಬರಲಿಲ್ಲ, ಖೋಲಿ ತುಂಬ ವಾಸನಿ ಬಂತು!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೌರಾಬಾಯಿ ಕಣ್ಣೊರೆಸಿಕೊಂಡಳು. ನೀನೂ ನಕ್ಕೆ — ಕೆಟ್ಟ ಮನಸ್ಸಿನಿಂದಲ್ಲ, ಅದು ಈಗ ಗೊತ್ತು, ಆಗಲೂ ಗೊತ್ತಿತ್ತು. ಆದರೆ ಕಾಶಿ, ಆ ಮಾತು ನಮ್ಮಿಬ್ಬರದು. ಹಾಸ್ಟೆಲಿನ ಆ ಖೋಲಿಯ ಬಾಗಿಲು ಹಾಕಿ, ಯಾರಿಗೂ ಹೇಳುವುದಿಲ್ಲ ಎಂದು ನನ್ನ ತಲೆ ಮುಟ್ಟಿ ಆಣೆ ಮಾಡಿದ್ದೆ ನೀನು. ಮೈ ಸುಡುತ್ತಿತ್ತು, ಎದ್ದು ನಿಲ್ಲಲಾಗಲಿಲ್ಲ, ಅದಕ್ಕೇ ಆ ಫೈನಲ್ ಆಡಲಿಲ್ಲ ಎಂದು ನಾನು ಗಂಡನಿಗೆ ಹೇಳಿದ್ದೆ, ಮಕ್ಕಳಿಗೆ ಹೇಳಿದ್ದೆ, ಆ ಎದುರಿನ ಸಾಲಿನ ಹುಡುಗಿಯರಿಗಂತೂ ಎಷ್ಟು ಸಲವೋ. ಅವರು ಪಂದ್ಯಕ್ಕೆ ಅಂಜಿದಾಗ, ನನಗಂತೂ ಆಡಲಾಗಲಿಲ್ಲ, ನೀವಾದರೂ ಆಡಿರಿ ಎಂದು ಧೈರ್ಯ ಹೇಳಲು ನನ್ನ ಬಳಿ ಇದ್ದದ್ದು ಅದೊಂದೇ ಕಥೆ. ನಮ್ಮ ಕ್ಯಾಪ್ಟನ್ ತಟ್ಟೆಯ ಮೇಲಿಂದ ತಲೆ ಎತ್ತಿ, "ಮ್ಯಾಡಮ್, ಖರೇನ?" ಎಂದು ಕೇಳಿದಳು. ನಾನೂ ನಕ್ಕೆ. ನಗುತ್ತಲೇ ನೀನು ನನಗೆ ದ್ರೋಹ ಮಾಡಿದೆ ಎಂದು ಮನಸ್ಸಿನಲ್ಲಿ ಗಟ್ಟಿಯಾಗಿ ಬರೆದುಕೊಂಡೆ.

ಆಮೇಲೆ ಉಡಿ. ಅದನ್ನು ಹೇಗೆ ಬರೆಯಲಿ… ಬಂದ ಮುತ್ತೈದೆಯರನ್ನು ಗೌರಾಬಾಯಿ ಬರಿಗೈಯಲ್ಲಿ ಕಳಿಸುವವಳಲ್ಲ. ನಮ್ಮ ಸರದಿ ಬಂದಾಗ, "ನೀವಿಬ್ಬರೂ ವೈರಿಗೋಳಲ್ಲ? ಒಬ್ಬರಿಗೊಬ್ಬರು ತುಂಬ್ರಿ, ನೋಡೂಣು" ಎಂದು ಹರಿವಾಣ ನಿನ್ನ ಕೈಗೆ ಕೊಟ್ಟಳು. ನೀನು ಮೊದಲು. ಅಕ್ಕಿ, ಖಣ, ಕಾಯಿ, ಅರಿಶಿನದ ಕೊಂಬು — ಐದು ಸಲ ಬೊಗಸೆ ತುಂಬಿ ನನ್ನ ಸೆರಗಿಗೆ ಹಾಕಿದೆ. ಆಟ ಆಡಿ ಗಟ್ಟಿಯಾದ ನಿನ್ನ ಕೈಗಳು. "ಇನ್ನ ಮ್ಯಾಲ ಕರಜಗಿ ನಿನ್ನ ತವರಮನಿ" ಎಂದೆ. ನಾನೂ ನಿನ್ನ ಉಡಿ ತುಂಬಿದೆ. ಏನು ಹೇಳಿದೆನೋ ನೆನಪಿಲ್ಲ.

ಪಡಸಾಲೆಯಲ್ಲಿ ಚಪ್ಪಲಿ ಹುಡುಕುವಾಗ ನೀನು ನನ್ನ ಮೊಣಕೈ ಹಿಡಿದು ಕಂಬದ ಮರೆಗೆ ಎಳೆದುಕೊಂಡೆ. "ನಂದಾ, ಒಂದ ಮಾತ ಹೊಟ್ಟ್ಯಾಗ ಇಟ್ಕೋ. ನಮ್ಮ ಭಾಗ್ಯಾನ ಕಾಗದಪತ್ರ ಎಲ್ಲಾ ಅವರಪ್ಪನ ಊರಾಗಿನವು, ಗಡಿ ಆಚಿಕಡಿ. ಫಾರ್ಮಿನ್ಯಾಗ ನಮ್ಮ ಮನಿ ಪತ್ತಾ ಬರಸೀನಿ. ಬರದಾಂವ ಸಿದ್ದಾರಾಮ. ಅವಗ ಗೊತ್ತು, ಈಗ ನಿನಗ ಗೊತ್ತು, ಮೂರನೇದವರಿಗಿ ಗೊತ್ತಿಲ್ಲ. ಏನಾರ ತಕರಾರ ಬಂದ್ರ ನೀ ನನ್ನ ಬಾಜೂ ನಿಂದರಬೇಕು."

ಭಾಗ್ಯಾ, ನಿನ್ನ ನಾದಿನಿಯ ಮಗಳು, ನಿಮ್ಮ ತಂಡದ ಗೋಲುಗಳೆಲ್ಲ ಅವಳವೇ. ನಾಲ್ಕು ವರ್ಷದವಳಿದ್ದಾಗಿನಿಂದ ನಿನ್ನ ಮನೆಯಲ್ಲೇ ಉಂಡು ಬೆಳೆದವಳು. ನಮ್ಮ ಕಡೆ ಇದನ್ನು ಯಾರಾದರೂ ಮೋಸ ಎನ್ನುತ್ತಾರೆಯೇ? ಈಚೆ ಊರಿನ ಹೆಣ್ಣು ಆಚೆ, ಆಚೆಯ ಮೊಮ್ಮಕ್ಕಳು ಈಚೆ — ರಾಜ್ಯಗಳ ಗಡಿ ಇರುವುದು ನಕಾಶೆಯಲ್ಲಿ ಮಾತ್ರ. ಆದರೆ ಸ್ಪರ್ಧೆಯ ನಿಯಮ ಕಾಗದ ನೋಡುತ್ತದೆ, ಜಿಲ್ಲೆಯವರೇ ಆಗಿರಬೇಕು. ನಾನು ತಲೆಯಾಡಿಸಿದೆ. ನಿನ್ನ ಕೈ ಮೇಲೆ ಕೈ ಇಟ್ಟೆ ಕೂಡ.

ಮರುದಿನ ಬೆಳಗಿನ ಪ್ರಾಕ್ಟೀಸಿಗೆ ಹೋದರೆ ಗೋಲ್ ಕಂಬದ ಬುಡದಲ್ಲಿ ಒಂದು ಉಳ್ಳಾಗಡ್ಡಿ ಇಟ್ಟಿದ್ದರು. ಯಾರು ಇಟ್ಟರೋ, ಹುಡುಗಿಯರೆಲ್ಲ ಬೂಟಿನ ಲೇಸು ಕಟ್ಟಿಕೊಳ್ಳುವ ನೆಪದಲ್ಲಿ ಬಗ್ಗಿ ನಗುತ್ತಿದ್ದರು. ಮಧ್ಯಾಹ್ನ ನಮ್ಮ ಚಾದರದ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನು ಒಂದು ಹಾಳೆ ಹರಿದು ಮರಾಠಿಯಲ್ಲಿ ಬರೆದೆ. ಭಾಗ್ಯಾಳ ಹೆಸರು, ಅವಳ ಅಪ್ಪನ ಊರು, ಕಾಗದಪತ್ರ ತರಿಸಿ ನೋಡಿರಿ — ಮೂರೇ ಸಾಲು. ಸಂಜೆ ಸ್ಪರ್ಧೆಯ ಸಮಿತಿಯ ಕಚೇರಿಯ ಬಾಗಿಲ ಸಂದಿಯಲ್ಲಿ ತಳ್ಳಿ ಬಂದೆ. ಮನೆಗೆ ಬಂದು ನಿನ್ನ ಉಡಿಯ ಅಕ್ಕಿಯನ್ನು ತೊಳೆದು ಅನ್ನಕ್ಕಿಟ್ಟೆ, ಉಡಿಯಕ್ಕಿ ಬಹಳ ದಿನ ಇಡಬಾರದಲ್ಲ. ಆ ಅನ್ನ ಗಂಟಲಲ್ಲಿ ಸಿಕ್ಕಿಕೊಂಡಿತೆಂದು ಬರೆಯಬೇಕೆನಿಸುತ್ತದೆ. ಇಲ್ಲ, ಹಸಿವಾಗಿತ್ತು, ಉಂಡೆ.

ಶನಿವಾರ ನಿಮ್ಮ ತಂಡವನ್ನು ಹೊರಗೆ ಹಾಕಿದರು. ನೀನು ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದೆ. ಟವೆಲ್ಲುಗಳ ಗಂಟಿನ ಮೇಲೆ ಕುಸಿದು ಕುಳಿತೆ. ನಾನು ಇಷ್ಟು ದಿನ ಯಾರಿಗೂ ಹೇಳದೆ ಇಟ್ಟುಕೊಂಡದ್ದು ಇದನ್ನು, ಕಾಶಿ — ದೂರಿಗಿಂತ ಇದು ದೊಡ್ಡದು.

"ಆ ತಕರಾರ ಬರದಾಂವ ನನ್ನ ತಮ್ಮನ. ಅವನ ಮಗಳನ್ನ ಟೀಮಿನ್ಯಾಗ ತಗೋಲಿಲ್ಲಂತ ಸಿಟ್ಟಿತ್ತು ಅವಗ" ಎಂದೆ ನೀನು. ಅಷ್ಟರಲ್ಲಿ ನನ್ನ ಮುಖ ನೋಡಿದೆ. "ನಿನಗೂ ಗೊತ್ತಿತ್ತು ಖರೇ. ಆದ್ರ ನೀ ಅಲ್ಲ. ನನ್ನ ಕೈಲೆ ಉಡಿ ತುಂಬಿಸ್ಕೊಂಡಾಕಿ ನೀ."

ಆಗ ಸುಮ್ಮನಿದ್ದಿದ್ದರೂ ಸಾಕಿತ್ತು. ಅಳುವ ನಾಟಕ ಮಾಡಿದ್ದರೂ ಸಾಕಿತ್ತು. ನಾನು ನಿನ್ನ ಬೆನ್ನು ಸವರುತ್ತ ಹೇಳಿದೆ: "ಒಳಗಿನವರನ್ನ ಬಿಟ್ಟರ ಇಷ್ಟ ಬರೋಬರ ಯಾರ ಬರೀತಾರ, ಕಾಶಿ?"

ನೀನು ಆ ಮಾತನ್ನು ಹಿಡಿದುಕೊಂಡು ಎದ್ದು ಹೋದೆ. ಆ ಸಂಜೆಯೇ ಅಕ್ಕಲಕೋಟೆಯಲ್ಲಿ ಸಿದ್ದಾರಾಮನ ಝೆರಾಕ್ಸ್ ಅಂಗಡಿಯ ಮುಂದೆ, ಬಸ್ ಸ್ಟ್ಯಾಂಡಿನ ಜನರೆಲ್ಲ ಕೇಳುವಂತೆ, ‘ನೀ ನನ್ನ ಪಾಲಿಗಿ ಸತ್ತಂಗ’ ಎಂದು ಅವನಿಗೆ ಹೇಳಿದೆಯಂತೆ. ಭಾಗ್ಯಾಳನ್ನು ಅವಳಪ್ಪ ಬಂದು ಗಡಿಯಾಚೆಗೆ ಕರೆದುಕೊಂಡು ಹೋದ. ಆಮೇಲೆ ಅವಳು ಚೆಂಡು ಮುಟ್ಟಿಲ್ಲ ಎಂದು ನೀನೇ ಹೇಳಿದ್ದೆ. ಆಡದೆ ಗೆದ್ದ ಕಪ್ ನಮ್ಮ ಅಂಗಡಿಯ ಗಾಜಿನ ಕಪಾಟಿನಲ್ಲಿದೆ, ಪ್ರತಿ ಸೋಮವಾರ ಅದರ ಧೂಳು ಒರೆಸುವವಳು ನಾನೇ.

ಹೋದ ತಿಂಗಳು ಅಕ್ಕಲಕೋಟೆಗೆ ಸ್ವಾಮಿಗಳ ದರ್ಶನಕ್ಕೆ ಹೋಗಿದ್ದೆ. ಒಂದು ಕಾಗದದ ಝೆರಾಕ್ಸ್ ಬೇಕಾಗಿತ್ತು. ಬೇರೆ ಅಂಗಡಿ ಇರಲಿಲ್ಲವೆಂದಲ್ಲ — ಕಾಲುಗಳು ಸಿದ್ದಾರಾಮನ ಅಂಗಡಿಗೇ ಹೋದವು. ಅವನು ಕುರ್ಚಿ ಒರೆಸಿ ಕೂಡಿಸಿದ, ಚಹಾ ತರಿಸಿದ. ಕೂದಲು ಪೂರ್ತಿ ಬೆಳ್ಳಗಾಗಿವೆ.

"ಅಕ್ಕಾರ, ನೀವ ಒಂದ ಮಾತ ಹೇಳ್ರಿ. ಯಾರ ಮಾತ ಕೇಳದಿದ್ರೂ ನಮ್ಮಕ್ಕ ನಿಮ್ಮ ಮಾತ ಕೇಳ್ತಾಳ. ಆ ವ್ಯಾಳ್ಯಾದಾಗ ನೀವೊಬ್ಬರ ತನ್ನ ಜೋಡಿ ನಿಂತ್ರಿ ಅಂತ ಎಲ್ಲಾರ ಮುಂದ ಹೇಳ್ತಾಳ. ಭಾವುಬೀಜಕ್ಕ ಅಂತ ವರ್ಷಾ ಒಂದ ಸೀರಿ ತಂದೀನ್ರಿ, ನಾಕೂ ಕಪಾಟಿನ್ಯಾಗ ಅದಾವು. ಬರದಾಂವ ನಾ ಅಲ್ರಿ, ಅಕ್ಕಾರ."

"ನೋಡೂಣು" ಎಂದೆ. ಅವನ ಚಹಾ ಕುಡಿದು, ನೋಡೂಣು ಎಂದು ಎದ್ದು ಬಂದೆ. ಬಸ್ಸು ವಳಸಂಗ ದಾಟುವವರೆಗೂ ಆ ನಾಲ್ಕು ಸೀರೆಗಳ ಬಣ್ಣ ಯಾವುದಿರಬಹುದೆಂದು ಯೋಚಿಸುತ್ತಿದ್ದೆ. ನಿನಗೆ ಹಸಿರು ಇಷ್ಟ. ಅವನಿಗೆ ಅದು ಗೊತ್ತಿರುತ್ತದೆ…

ನೀನು ನನ್ನನ್ನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದೆ, ಅದಕ್ಕೇ ನಾನು — ಎಂದು ಬರೆಯಲು ಕೈ ಹೋಗುತ್ತದೆ. ಬರೆಯುವುದಿಲ್ಲ. ನೀನು ಹೇಳಿದ್ದು ಖರೆಯ ಮಾತು, ನಗುತ್ತ, ಎಲ್ಲರೆದುರು. ನಾನು ಹೇಳಿದ್ದು ಸುಳ್ಳು, ನಿನ್ನ ಬೆನ್ನು ಸವರುತ್ತ. ಆ ಫೈನಲ್ಲಿಗೆ ಹೆದರಿದ ಹುಡುಗಿ ನಾನೇ ಎಂದು ಒಪ್ಪಿಕೊಂಡಿದ್ದರೆ ಒಂದು ಸಂಜೆಯ ನಗುವಿಗೆ ಎಲ್ಲ ಮುಗಿಯುತ್ತಿತ್ತು.

ಈ ಹಾಳೆಗಳನ್ನು ಅಂಚೆಗೆ ಹಾಕುವುದಿಲ್ಲ. ಹಾಕಿದರೆ ಮತ್ತೆ ಬಗಲಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ಮಲಗಿದ ಹಾಗೆಯೇ. ಇನ್ನು ಎಂಟು ದಿನಕ್ಕೆ ಭಾವುಬೀಜ. ಅವತ್ತು ಬೆಳಗಿನ ಎಸ್‌ಟಿ ಬಸ್ಸು ಹಿಡಿದು ಅಕ್ಕಲಕೋಟೆಯಲ್ಲಿ ಇಳಿದು, ಮೊದಲು ಸಿದ್ದಾರಾಮನಿಗೆ ಹೇಳುತ್ತೇನೆ. ಅವನು ಬರುತ್ತೇನೆ ಎಂದರೆ ಅವನ ಜೊತೆ, ಒಲ್ಲೆ ಎಂದರೆ ಒಬ್ಬಳೇ ಕರಜಗಿಗೆ ಬಂದು, ನಿಮ್ಮ ಕಟ್ಟೆಯ ಕೆಳಗೆ ನಿಂತು ಇದನ್ನು ಓದುತ್ತೇನೆ. ಆ ಕಪ್ ತರುವುದಿಲ್ಲ, ತಂದುಕೊಟ್ಟರೆ ತೀರಿತು ಎಂದು ನನಗೇ ಅನಿಸೀತು. ಭಾಗ್ಯಾಳ ಊರಿಗೆ ಹೋಗಿ ಅವಳಿಗೂ ಹೇಳಬೇಕು.

ಓದಿ ಮುಗಿಸಿದ ಮೇಲೆ ನೀನು ಏನು ಅಂದರೂ ನಿಂತು ಕೇಳುತ್ತೇನೆ. ಅಷ್ಟಾದ ಮೇಲೆ ಒಳಗೆ ಹೋಗಿ ದೀಪ ಹಚ್ಚು, ನಿನ್ನ ತಮ್ಮನನ್ನು ಕರೆದು ಮಣೆಯ ಮೇಲೆ ಕೂಡಿಸು. ನಾನು ಹೊರಗಿನಿಂದಲೇ ಹೊರಟುಬಿಡುತ್ತೇನೆ. ಮನೆಗೆ ಬಂದ ಮುತ್ತೈದೆ ಎಂದು ಅಭ್ಯಾಸಬಲದಿಂದ ನಿನ್ನ ಕೈ ಅಕ್ಕಿಯ ಡಬ್ಬಿಗೆ ಹೋದೀತು. ಕಾಶಿ, ನನ್ನ ಉಡಿ ತುಂಬಬೇಡ.