ಕಾಡಿಗೆಯ ಕಣ್ಣು

ಜವಳಿ ಸಾಹುಕಾರರು ಬಸವೇಶ್ವರನಗರದ ಪಟಗಳಿಗೆ ಕಟ್ಟು ಹಾಕುವ ಅಂಗಡಿಗೆ ಬಂದದ್ದು ಆಟೋದಲ್ಲಿ. ಮಹಾಲಕ್ಷ್ಮಿ ಲೇಔಟಿನ ಯಶೋದಮ್ಮ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಅವರ ಪಟವನ್ನು ಎಳೆಮಗುವಿನಂತೆ ಹಿಡಿದು ಇಳಿದರು. ಬಿಚ್ಚಿದರೆ ಜರಿಪೇಟ, ಕಿವಿಯಲ್ಲಿ ಕೆಂಪುಹರಳಿನ ಒಂಟಿ, ತೊಡೆಯ ಮೇಲೆ ಬಟ್ಟೆ ಅಳೆಯುವ ಗಜಕಡ್ಡಿ. ಎತ್ತ ಸರಿದರೂ ಆ ಕಣ್ಣುಗಳು ಅಂಗಡಿಯಲ್ಲಿ ಕೆಲಸಕ್ಕಿದ್ದ ಸೀತಾಳನ್ನೇ ನೋಡುತ್ತಿದ್ದವು. ಗಾಜು ಮಾತ್ರ ಸೀಳಿತ್ತು.

"ನಮ್ಮೆಜಮಾನ್ರ ಮುತ್ತಾತ ಕಣಮ್ಮ. ಆಗ ಫೋಟೋ ಎಲ್ಲಿತ್ತು? ಎದುರಿಗೆ ಕೂರಿಸಿ ಬರೆಸಿದ್ದಂತೆ. ಮೊಮ್ಮಗಳು ಸ್ಪಂದನ ಮದುವೆ. ಅದಕ್ಕೆ ಮುಂಚೆ ಹಿರಿಯರ ಪೂಜೆ, ಇವರಿಲ್ದೆ ಆಗಲ್ಲ."

"ಗಾಜು ತಾನೇ? ಸಂಜೆ ಬನ್ನಿ," ಎಂದರು ಮಾಲೀಕರು ಗಂಗಾಧರಯ್ಯ.

ಉಲ್ಲಾಳದಿಂದ ಬಸ್ಸಿನಲ್ಲಿ ಬರುವ ಸೀತಾಳ ಮನೆ ನಡೆಯುತ್ತಿದ್ದುದೇ ಈ ಕೆಲಸದಿಂದ. ಅವಳು ಹಳೇ ಗಾಜು ತೆಗೆದಳು. ವರ್ಷವರ್ಷವೂ ಗಾಜಿಗೆ ಹಚ್ಚಿದ್ದ ಕುಂಕುಮ ಸೀಳಿನಿಂದ ಒಳಗಿಳಿದು ಸಾಹುಕಾರರ ಕೆನ್ನೆ, ರೆಪ್ಪೆಗಳ ಮೇಲೆ ಕೂತಿತ್ತು. ಅಚ್ಚಿನ ದೇವರಪಟಗಳಿಗೆ ಮಾಡುವಂತೆ ಒದ್ದೆಬಟ್ಟೆಯಿಂದ ಒರೆಸಿದಳು. ಕುಂಕುಮ ಹೋಯಿತು. ಜೊತೆಗೇ ನೀರುಬಣ್ಣದಲ್ಲಿ ಬರೆದಿದ್ದ ಬಲಗಣ್ಣೂ ಹೋಯಿತು.

ಬಟ್ಟೆಯ ಮೇಲೆ ಕಪ್ಪು. ಪಟದ ಮೇಲೆ ಬಿಳಿ. ಸೀತಾ ಮಾಲೀಕರನ್ನು ಕರೆದಳು.

ಗಂಗಾಧರಯ್ಯ ನೋಡಿದವರೇ ದನಿ ತಗ್ಗಿಸಿದರು. "ಕಾಡಿಗೇಲಿ ಒಂದು ಚುಕ್ಕಿ ಇಟ್ಟು ಗಾಜು ಹಾಕು. ಆಯಮ್ಮಂಗೆ ಎಲ್ಲಿ ಗೊತ್ತಾಗತ್ತೆ?"

"ಪಟ ಭಿನ್ನ ಆಗಿದೆ ಅಣ್ಣ. ಭಿನ್ನ ಆಗಿದ್ದನ್ನ ಪೂಜೆಗೆ ಇಡಬಾರ್ದು. ಮದುವೆ ಮನೆ ಬೇರೆ..."

"ಹಂಗಾದ್ರೆ ಹೇಳ್ಬಿಡು. ಹೇಳ್ಬಿಟ್ಟು ನಾಳೆಯಿಂದ ಆ ಸಾಹುಕಾರ್ರ ಅಂಗಡಿಗೇ ಕೆಲಸಕ್ಕೆ ಹೋಗು."

ಸೀತಾ ಕಾಡಿಗೆ ಇಟ್ಟು ಗಾಜು ಹಾಕಿದಳು. ಸಂಜೆಯವರೆಗೂ ಪಟದ ಕಡೆ ತಿರುಗಲಿಲ್ಲ. ಬೆನ್ನ ಹಿಂದೆ ಆ ಉಳಿದ ಕಣ್ಣು ಇದ್ದೇ ಇತ್ತು.

ಯಶೋದಮ್ಮ ಬಂದರು. "ಅಯ್ಯೋ, ಎಷ್ಟು ಕಳೆ ಬಂತು ನೋಡಿ!" ಎನ್ನುತ್ತ ಬೆಡ್‌ಶೀಟು ಸುತ್ತತೊಡಗಿದರು. ಗಂಗಾಧರಯ್ಯ ಸೀತಾಳನ್ನು ದುರುಗುಟ್ಟಿ ನೋಡಿದರು. ಆ ಪಟಕ್ಕೆ ಆರತಿ ಎತ್ತುವ ಮದುಮಗಳು ಅವಳ ಕಣ್ಣಮುಂದೆ ಬಂದಳು.

"ಅಮ್ಮಾ, ಆ ಬಲಗಣ್ಣು ಅವರದಲ್ಲ. ನಾನು ಇಟ್ಟಿದ್ದು."

ಯಶೋದಮ್ಮ ಮತ್ತೆ ಬಿಚ್ಚಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಸೀತಾಳಿಗೆ. ಕೊನೆಗೆ, "ಅವರ ಗಜಕಡ್ಡಿ ಇನ್ನೂ ಮನೇಲಿದೆ. ಪೂಜೆಗೆ ಅದನ್ನೇ ಇಡ್ತೀನಿ. ನೀನು ಹೇಳ್ದೇ ಇದ್ದಿದ್ರೆ..." ಎಂದವರು ಪಟ ಎತ್ತಿಕೊಂಡು ಆಟೋ ಹತ್ತಿದರು.

ಗಂಗಾಧರಯ್ಯ ಆಡಿದಂತೆಯೇ ಮಾಡಿದರು; ನಾಳೆಯಿಂದ ಬರಬೇಡ ಎಂದರು.

ಸೀತಾ ಈಗ ವಿಜಯನಗರದ ಇನ್ನೊಂದು ಕಟ್ಟಿನ ಅಂಗಡಿಯಲ್ಲಿ ಗಾಜು ಕತ್ತರಿಸುತ್ತಾಳೆ.