ಹಲ್ಲು ಕಡಿಯುವ ಹಳ್ಳದ ಮಾಸ್ತರ

ಸೋನ್ಯಾಳದಲ್ಲಿ ಬೆಳಕು ಹರಿಯುವ ಹೊತ್ತು. ದನದ ಕೊಟ್ಟಿಗೆಯ ಮೂಲೆಯಲ್ಲಿ ಶ್ರೀಶೈಲಪ್ಪ ಮಾಸ್ತರರು ಒಂದು ಮರದ ಪೆಟ್ಟಿಗೆಯನ್ನು ಬೋರಲು ಹಾಕಿಕೊಂಡು ಕುಳಿತಿದ್ದಾರೆ. ಅದರ ಮೇಲೆ ಪಿಂಗಾಣಿ ಬಸಿ, ಬಸಿಯಲ್ಲಿ ಕಿರುಬೆರಳುದ್ದದ ಸತ್ತ ಮೀನು. ಭೂತಗನ್ನಡಿ ಹಿಡಿದು, ಸೂಜಿಯ ತುದಿಯಿಂದ ಬೆನ್ನಿನ ರೆಕ್ಕೆ ಬಿಡಿಸಿ, ಒಳಗಿನ ಕೂದಲಿನಂಥ ಕಡ್ಡಿಗಳನ್ನು ಎಣಿಸುತ್ತಾರೆ. ನಡುವೆ ಒಮ್ಮೆಲೇ ತಡೆದು ನೆಲಕ್ಕೆ ಕಿವಿಗೊಡುತ್ತಾರೆ. ಪಕ್ಕದ ಎತ್ತು ಮೆಲುಕು ಹಾಕುವುದನ್ನು ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಎತ್ತಿನ ದವಡೆ ಮತ್ತೆ ಆಡುತ್ತದೆ. ಮಾಸ್ತರರು ಮತ್ತೆ ಮೊದಲಿನಿಂದ ಎಣಿಸುತ್ತಾರೆ.

ಊರಿಗೆ ಅವರು ಕನ್ನಡ ಶಾಲೆಯ ಮಾಸ್ತರ, ಅಷ್ಟೇ. ಸುತ್ತಲಿನ ಹಳ್ಳಗಳ ಮೀನು ಹಿಡಿದು, ಅದು ಯಾವ ಜಾತಿಯದು, ಮೊದಲು ಯಾರಾದರೂ ಕಂಡು ಬರೆದಿದ್ದಾರೆಯೇ, ಇಲ್ಲವಾದರೆ ಅದರ ಚಹರೆಯೇನು ಎಂದು ಗೊತ್ತುಮಾಡುವುದು ಅವರ ಇನ್ನೊಂದು ಕೆಲಸ. ಕೊಲ್ಹಾಪುರದ ಕಾಲೇಜಿನಲ್ಲಿ ಅಂಟಿದ ಹುಚ್ಚು. ಓದು ಮುಗಿಯುವ ಮೊದಲೇ ತಂದೆ ತೀರಿಕೊಂಡರು. ಊರಿಗೆ ಹೊರಟವರ ಕೈಗೆ ಪ್ರೊಫೆಸರರು ಈ ಭೂತಗನ್ನಡಿ ಕೊಟ್ಟರು. ಶಾಲೆಯ ಗಂಟೆ ಬಾರಿಸುವವರೆಗೆ ದಿನವೂ ಇದೇ ಕೆಲಸ.

ಮೀನು ಮುಟ್ಟದ ಶೈವ ಮನೆತನ. ತಾಯಿ ಗೌರವ್ವ ಮೀನು ಹಾಕಿಟ್ಟ ಬಾಟಲಿಗಳನ್ನು ಹೊಸಿಲು ದಾಟಿಸಗೊಟ್ಟಿಲ್ಲ. "ಲಿಂಗಾ ಹಿಡಿಯೋ ಕೈಲೆ ಜೀವಾ ತಗೀತಿ. ಕೊಟಗ್ಯಾಗ ಏನರೆ ಮಾಡ್ಕೋ, ಒಳಗ ತರಬ್ಯಾಡ." ಮಗ ಎದುರಾಡುವುದಿಲ್ಲ. "ಅವ್ವ ಹೇಳೂದು ಖರೇ ಐತ್ರಿ. ಜೀವಾ ತಗದಽ ಹೆಸರ ಕೊಡಬೇಕಾಗತೈತಿ."

ಬಸಿಯಲ್ಲಿರುವ ಮೀನು ಬೆಳುಂಕಿ ಊರಿಗೆ ಹೋಗುವ ದಾರಿಯ ಹಳ್ಳದ್ದು. ಬೇಸಿಗೆಯಲ್ಲಿ ಆ ಹಳ್ಳದಲ್ಲಿ ಹನಿ ನೀರಿರುವುದಿಲ್ಲ. ಆದರೂ ನಸುಕಿನಲ್ಲಿ ಒಣ ಮರಳಿನ ಅಡಿಯಿಂದ ಕಟಕಟ ಸಪ್ಪಳ ಬರುತ್ತದೆ. ಹಳ್ಳ ಹಲ್ಲು ಕಡಿಯುತ್ತದೆ ಎಂದು ಜನ ದಾರಿ ಬಿಟ್ಟು ಬಳಸಿ ಹೋಗುತ್ತಾರೆ. ಕುರಿಗಳು ಅಲ್ಲಿ ಕಾಲಿಡುವುದಿಲ್ಲ. ಹೋಗಿ ಕೂರುತ್ತಿದ್ದವರು ಒಬ್ಬರೇ, ಕುರಿ ಕಾಯುವ ಬೀರವ್ವ. ಸಾವಿರದ ಒಂಬೈನೂರ ಐವತ್ತರ ಮಳೆಗಾಲದಲ್ಲಿ ಆಕೆಯ ಗಂಡ ಅಮೋಗಸಿದ್ದ ಕೊಚ್ಚಿಹೋಗುತ್ತಿದ್ದ ಮರಿ ಹಿಡಿಯಲು ಈ ಹಳ್ಳಕ್ಕೆ ಇಳಿದವನು ಮೇಲೆ ಬರಲಿಲ್ಲ. ಹೆಣವೂ ಸಿಗಲಿಲ್ಲ. ಹಿರಿಯರು ಎಷ್ಟು ಹೇಳಿದರೂ ಬೀರವ್ವ ಬಳೆ ಒಡೆಯಲು ಒಪ್ಪಲಿಲ್ಲ. "ನಿದ್ದ್ಯಾಗ ಅಂವ ಹಿಂಗಽ ಹಲ್ಲ ಕಡೀತಿದ್ದ. ಕೆಳಗ ಮಲಗ್ಯಾನ," ಎನ್ನುತ್ತಿದ್ದರು.

ಹೋದ ವರ್ಷ, ಐವತ್ಮೂರರ ಬೇಸಿಗೆಯ ಒಂದು ನಸುಕಿನಲ್ಲಿ ಮಾಸ್ತರರು ಸಲಿಕೆ ಹಿಡಿದು ಅಲ್ಲಿಗೆ ಹೋದರು. ಕೆಲವು ಮೀನು ನೀರು ಬಿಟ್ಟಾಗ ಸಪ್ಪಳ ಮಾಡುವುದು ಅವರಿಗೆ ಗೊತ್ತಿತ್ತು. ಆದರೆ ಮರಳ ಮೇಲೆ ಕುಳಿತ ಬೀರವ್ವನನ್ನು ಕಂಡು ಕಾಲು ಹಿಂಜರಿಯಿತು. ಮೀನು ಸಿಕ್ಕರೆ ಈಕೆಯ ಪಾಲಿಗೆ ಇನ್ನೂ ಬದುಕಿರುವ ಗಂಡ ಇವತ್ತು ತನ್ನ ಕೈಯಿಂದಲೇ ಸಾಯುತ್ತಾನೆ ಎನಿಸಿತು. ಬೀರವ್ವ ಎದ್ದು ಜಾಗ ಬಿಟ್ಟರು. "ಅಗೀರಿ ಮಾಸ್ತರ್ರ. ಸಾವಕಾಶ ಅಗೀರಿ, ಎಬ್ಬಿಸಬ್ಯಾಡ್ರಿ."

ಮೊಣಕಾಲುದ್ದ ಅಗೆದಾಗ ಮರಳು ತಣ್ಣಗಾಯಿತು, ಆಮೇಲೆ ಒದ್ದೆಯಾಯಿತು. ಆ ಒದ್ದೆಯಲ್ಲಿ ಮೀನುಗಳಿದ್ದವು, ಒಂದಕ್ಕೊಂದು ಒತ್ತಿಕೊಂಡು, ಎಲ್ಲವೂ ತಲೆ ಕೆಳಗೆ ಮಾಡಿ. ಬೊಗಸೆಗೆ ಎತ್ತಿದ್ದೇ ಕಟಕಟ ಎಂದವು. ಬೀರವ್ವ ಒಂದನ್ನು ಕಿವಿಗೆ ಹಿಡಿದುಕೊಂಡರು. ಮುಖ ಕಳೆಗುಂದಿತು. "ಹೌದ್ರಿ. ಇದಽ ಸಪ್ಪಳ."

ಮಾಸ್ತರರು ಮೀನುಗಳನ್ನೆಲ್ಲ ಗಡಿಗೆಯ ನೀರಿಗೆ ಬಿಟ್ಟರು. ನೀರು ಸೋಕಿದ್ದೇ ಅವು ಸುಮ್ಮನಾದವು. ಸಪ್ಪಳ ಮಾತ್ರ ನಿಲ್ಲಲಿಲ್ಲ.

"ಇನ್ನೂ ಕೆಳಗ ಮೀನ ಇರಬೇಕಂತ ಅಗದೆ. ಹಾಸಗಲ್ಲ ಹತ್ತಿತ್ರಿ," ಎಂದು ಹೇಳುವಾಗ ಅವರ ದನಿ ತಗ್ಗುತ್ತದೆ. "ಒಂದ ಬಿರಕಿಲ್ಲ, ಹನಿ ನೀರಿಲ್ಲ. ಕಿವಿ ಹಚ್ಚಿದೆ. ಕಲ್ಲಿನ ಕೆಳಗಿಂದ ಬರತಿತ್ತು. ಮೀನಿಂದ ಲಗೂ ಲಗೂ ಇರತೈತಿ. ಇದು ನಿಧಾನಕ."

ಬೀರವ್ವನೂ ಕೇಳಿದರು. ಎರಡೂ ಕೈಯಿಂದ ಮರಳನ್ನು ಅಗೆದ ಕುಣಿಗೆ ಎಳೆಯತೊಡಗಿದರು. "ಮುಚ್ಚರಿ ಮಾಸ್ತರ್ರ. ಹೊದಿಕಿ ಸರದೈತಿ, ತಂಡಿ ಆದೀತು." ಮಾಸ್ತರರೂ ಮೊಣಕಾಲೂರಿ ಮುಚ್ಚಿದರು.

ಪ್ರೊಫೆಸರರು ಮೀನು ನೋಡಿದ್ದಾರೆ. ಬಾಯಿಯ ಮೀಸೆ, ಮೈಮೇಲಿನ ಪಟ್ಟೆ, ಬಾಲದ ಆಕಾರ ಯಾವುವೂ ಕೃಷ್ಣೆ, ಭೀಮೆಯ ಮೀನುಗಳಿಗೆ ಹೊಂದುವುದಿಲ್ಲ. ಹೊಸದೇ ಇರಬೇಕು ಎಂದಿದ್ದಾರೆ. ಅದರ ವರ್ಣನೆಯಲ್ಲಿ ಮಾಸ್ತರರು 'ನೀರಿನ ಹೊರಗೆ ಸಪ್ಪಳ ಮಾಡುತ್ತದೆ' ಎಂದು ಬರೆದಿದ್ದಾರೆ. ಹಾಸುಗಲ್ಲಿನ ಮಾತು ಬರೆದಿಲ್ಲ. ಈಚೆಗೆ ಕೊಟ್ಟಿಗೆಯ ನೆಲದಡಿಯಲ್ಲೂ ಅದೇ ನಿಧಾನದ ಸಪ್ಪಳ ಕೇಳಿಸುತ್ತಿರುವುದನ್ನೂ ಬರೆದಿಲ್ಲ. ಗೌರವ್ವ ಅದನ್ನು ಹೆಗ್ಗಣವೆಂದು ತಿಳಿದಿದ್ದಾರೆ. ಮಗ ತಿದ್ದಲು ಹೋಗಿಲ್ಲ. "ಕಣ್ಣಲೆ ಕಂಡಿಲ್ಲ, ಐತಂತ ಬರದಿಲ್ಲ. ಇಲ್ಲಂತನೂ ಬರದಿಲ್ರಿ."

ಹೊಸ ಮೀನಿಗೆ ಅಮೋಗಸಿದ್ದನ ಹೆಸರಿಡಬೇಕೆಂದು ಅವರ ಮನಸ್ಸಿತ್ತು. ಕೇಳಲು ಹೋದಾಗ ಬೀರವ್ವ ಬೇಡವೆಂದು ತಲೆ ಅಲ್ಲಾಡಿಸಿದರು. "ಹಾಂಗ ಇಡೂದು ಸತ್ತವರ ಹೆಸರ. ನಂದಽ ಇಡ್ರಿ. ಮೀನ ಕೆಳಗ ಅವನ ಸನೇಕ ಹ್ವಾದ್ರ ಗುರ್ತ ಹಿಡದಾನು." ಮಾಸ್ತರರು ಹಾಗೆಯೇ ಬರೆದರು.

ಇಷ್ಟೆಲ್ಲ ಮಾಡಿ ನಿಮಗೇನು ಬೇಕು ಎಂದರೆ ಮಾಸ್ತರರು ಬಾಟಲಿಯ ಮುಚ್ಚಳ ಬಿಗಿಮಾಡುತ್ತಾರೆ.

"ಇದಕ್ಕ ಮದ್ಲ ಯಾರರೆ, ಎಲ್ಲೆರೆ, ಈ ಮೀನಿಗೆ ಹೆಸರ ಇಟ್ಟಿದ್ರ ನಾವಿಟ್ಟ ಬೀರವ್ವನ ಹೆಸರ ಬಿದ್ದಹೋಗತೈತ್ರಿ. ಕಾಯ್ದೇನಽ ಹಾಂಗೈತಿ. ಯಾರೂ ಇಟ್ಟಿರಬಾರದು. ಅಷ್ಟಽ."