ಕೊಳವೆಬಾವಿಗೆ ಇಳಿದ ಮೂರು ಟಾರ್ಚು

ಎರಡು ವರ್ಷದ ಹಿಂದಿನ ಫೆಬ್ರವರಿ ತಿಂಗಳು. ಅಮೃತಹಳ್ಳಿಯಲ್ಲಿ ನನ್ನ ಬ್ಯೂಟಿ ಪಾರ್ಲರ್ ಇರುವ ಕಟ್ಟಡದ ಬೋರ್‌ವೆಲ್‌ನಲ್ಲಿ ಇದ್ದಕ್ಕಿದ್ದಂತೆ ಕೆಸರು ನೀರು ಬರತೊಡಗಿತು. ಮೆಹಂದಿ ಹಚ್ಚಿಸಿಕೊಂಡು ಕೂತವರ ತಲೆಯನ್ನು ಕ್ಯಾನ್ ನೀರಿನಲ್ಲಿ ತೊಳೆಯುವ ಗತಿ ಬಂತು. ಒಳಗೆ ಏನಾಗಿದೆ ಎಂದು ನೋಡಲು ಕಟ್ಟಡದ ಓನರ್, ಬೋರ್‌ವೆಲ್‌ಗೆ ಕ್ಯಾಮೆರಾ ಬಿಡುವವರೊಬ್ಬರನ್ನು ಕರೆಸಿದರು. ಹಾಗೆ ಬಂದವರು ಶೆಟ್ಟಿಹಳ್ಳಿಯ ಮುನಿರಾಜಣ್ಣ.

ಅವರ ವಿಷಯಕ್ಕೆ ಬರುವ ಮೊದಲು ನನ್ನ ಹುಚ್ಚಿನ ಬಗ್ಗೆ ಹೇಳಬೇಕು. ಬೆನ್ನುನೋವಿಗೆ ಈಜು ಒಳ್ಳೆಯದು ಎಂದು ಡಾಕ್ಟರ್ ಹೇಳಿದ್ದಕ್ಕೆ ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಯಲಹಂಕದ ಈಜುಕೊಳಕ್ಕೆ ಸೇರಿದವಳು ನಾನು. ಬೆನ್ನುನೋವು ಹೋಯಿತು, ನೀರಿನ ಹುಚ್ಚು ಹತ್ತಿತು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವ ಸ್ಕೂಬಾ ಡೈವಿಂಗ್ ಕಲಿತೆ. ನಮ್ಮ ಮನೆಯವರು, "ಇವಳಿಗೆ ಮನುಷ್ಯರ ಮುಖ ತಿಕ್ಕಿ ತಿಕ್ಕಿ ಬೇಜಾರಾಗಿದೆ, ಇನ್ನು ಮೀನುಗಳಿಗೆ ಫೇಶಿಯಲ್ ಮಾಡ್ತಾಳಂತೆ" ಎಂದು ಬಂದವರ ಮುಂದೆಲ್ಲ ನಗುತ್ತಿದ್ದರು.

ಆ ವರ್ಷದ ಮಾರ್ಚ್‌ನಲ್ಲಿ ಅಂಡಮಾನಿನ ಸಮುದ್ರದಲ್ಲಿ ಮುಳುಗಿರುವ ಒಂದು ಹಳೆಯ ಹಡಗಿನ ಒಳಗೆ ಹೋಗುವುದಿತ್ತು. ಹೆಚ್ಚುಕಡಿಮೆ ನೂರಿಪ್ಪತ್ತು ಅಡಿ ಆಳ. ನನ್ನ ಮೊದಲ ಆಳದ ಡೈವ್ ಅದು. ಹಡಗಿನ ಹೊಟ್ಟೆಯೊಳಗೆ ಕಗ್ಗತ್ತಲು. ಅಲ್ಲಿ ದೀಪ ಆರಿದರೆ ಬಾಗಿಲು ಯಾವ ಕಡೆ ಎಂಬುದೇ ತಿಳಿಯುವುದಿಲ್ಲ, ಸಿಲಿಂಡರಿನ ಗಾಳಿಯಂತೂ ಕಾಯುತ್ತ ಕೂರುವುದಿಲ್ಲ. ಅದಕ್ಕೇ ನಮಗೆ ಕಲಿಸುತ್ತಿದ್ದ ಥಾಮಸ್ ಸರ್ ಮೊದಲೇ ಹೇಳಿಬಿಟ್ಟಿದ್ದರು: "ಮೇನ್ ಲೈಟ್ ನಾವ್ ಕೊಡ್ತೀವಿ. ಬ್ಯಾಕಪ್ ಲೈಟ್ ಎರಡು ನಿಮ್ದೇ ಇರ್ಬೇಕು. ಇಲ್ಲಾಂದ್ರೆ ಒಳಗೆ ಬರೋ ಹಾಗಿಲ್ಲ, ಹೊರಗೇ ಇರಿ."

ಒಂದು ಸಾಲದೇ, ಎರಡೆರಡು ಯಾಕೆ ಎಂದು ನಾನು ವಾದ ಮಾಡಿದ್ದೆ. ನನ್ನ ಬಳಿ ಆಗಲೇ ಭಾರೀ ಬೆಳಕಿನ ಒಂದು ಟಾರ್ಚಿತ್ತು. ಚಾರ್ಜ್ ಮಾಡುವಂಥದ್ದು, ಬಟನ್ ಒತ್ತಿದರೆ ನಾಲ್ಕು ಥರ ಉರಿಯುತ್ತಿತ್ತು. ಸರ್ ಮಾತಿಗೆಂದು ಗೇಣುದ್ದದ ಇನ್ನೆರಡು ಸಣ್ಣ ಟಾರ್ಚು ತರಿಸಿದ್ದೆ. ಅವಕ್ಕೆ ಬಟನ್ನೇ ಇಲ್ಲ, ತಲೆಯನ್ನು ತಿರುಗಿಸಿದರೆ ಹತ್ತುತ್ತವೆ. ನೋಡಿದರೆ ಮಕ್ಕಳ ಆಟದ ಸಾಮಾನಿನಂತೆ ಕಂಡು, ಡ್ರಾಯರಿನಲ್ಲಿ ಎಸೆದಿದ್ದೆ.

ಮುನಿರಾಜಣ್ಣ ಬಂದ ದಿನ ಒಬ್ಬರ ಫೇಶಿಯಲ್ ಅರ್ಧಕ್ಕೆ ಬಿಟ್ಟು ನೋಡಲು ಹೋದೆ. ಐವತ್ತೈದು ದಾಟಿದ, ಕಡಿಮೆ ಮಾತಿನ ಮನುಷ್ಯ. ಕೇಬಲ್ಲಿನ ತುದಿಗೆ ಕ್ಯಾಮೆರಾ, ಅದರ ಸುತ್ತ ಪುಟ್ಟ ದೀಪಗಳು. ಪರದೆಯ ಮೇಲೆ ಬಂಡೆಯ ಗೋಡೆ ಸರಿಯುತ್ತಿತ್ತು, ಮೂಲೆಯಲ್ಲಿ ಅಡಿ ಲೆಕ್ಕ ಓಡುತ್ತಿತ್ತು. ಆರುನೂರು ಅಡಿಗೆ ನೀರು ಸಿಕ್ಕಿತು. ಕ್ಯಾಮೆರಾ ನೀರೊಳಗೆ ಇನ್ನೂ ಇನ್ನೂರು ಅಡಿ ಇಳಿದರೂ ದೀಪ ಮಿಟುಕಲಿಲ್ಲ. ನನಗೆ ತಡೆಯಲಾಗಲಿಲ್ಲ. "ಅಣ್ಣಾ, ನಿಮ್ಮ ಲೈಟಿನೊಳಗೆ ನೀರು ಹೋಗಲ್ವಾ?" ಎಂದೆ.

ಅವರು ಪರದೆಯಿಂದ ತಲೆಯೆತ್ತಿ ನನ್ನನ್ನು ನೋಡಿದರು. "ಇಷ್ಟು ವರ್ಷದಾಗೆ ಇದನ್ನ ಯಾರೂ ಕೇಳಿಲ್ಲ ಕಣಮ್ಮ. ಎಲ್ಲಾರೂ ನೀರು ಎಷ್ಟೈತೆ ಅಂತ ಕೇಳ್ತಾರೆ, ಲೈಟು ಎಂಗೈತೆ ಅಂತ ಕೇಳಲ್ಲ."

ನನ್ನ ಕಥೆ ಹೇಳಿದೆ. ಎಷ್ಟು ಅಡಿ ಇಳಿಯುತ್ತೀರಿ ಎಂದು ಕೇಳಿದರು. ನೂರಿಪ್ಪತ್ತು ಎಂದಾಗ "ಅಷ್ಟೇನಾ" ಎಂದು ನಕ್ಕರು. ಮರುಕ್ಷಣ ನಗು ನಿಂತಿತು. "ನಾನು ಕ್ಯಾಮೆರಾ ಬಿಡ್ತೀನಿ. ನೀವು ನೀವೇ ಓಗ್ತೀರಲ್ಲಮ್ಮ. ಭಾನುವಾರ ಶೆಟ್ಟಿಹಳ್ಳಿಗೆ ಬನ್ನಿ, ಇರೋ ಲೈಟೆಲ್ಲಾ ತನ್ನಿ. ಇಳಿಸಿ ನೋಡೇಬಿಡಾಣ."

ಹೋದೆ. ಒಂದು ಕಾಲಕ್ಕೆ ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಸುತ್ತಲೂ ಮೂರು ಮಹಡಿಯ ಮನೆಗಳು. ನಡುವೆ ಇವರ ಮನೆ, ಹಿತ್ತಲಲ್ಲಿ ಬಳಸದೆ ಬಿಟ್ಟ ಒಂದು ಹಳೇ ಬೋರ್‌ವೆಲ್. ನೀರು ತೊಂಬತ್ತು ಅಡಿಗೇ ಇತ್ತು.

"ಹಾಗಾದ್ರೆ ನೂರಿಪ್ಪತ್ತು ಅಡಿಗೆ ಬಿಡಿ ಅಣ್ಣ" ಎಂದೆ.

"ನೆಲದಿಂದ ಲೆಕ್ಕ ಆಕ್ಬಾರ್ದು, ನೀರಿನಿಂದ ಆಕ್ಬೇಕು. ಲೈಟನ್ನ ಒತ್ತೋದು ನೀರು ತಾನೇ? ತೊಂಬತ್ತಕ್ಕೆ ನೂರಿಪ್ಪತ್ತು ಸೇರಿದ್ರೆ ಇನ್ನೂರ ಹತ್ತು. ಸಮುದ್ರದ ನೀರು ಉಪ್ಪು, ತೂಕ ಜಾಸ್ತಿ, ಅದಕ್ಕೊಂದು ಹತ್ತು. ನಿಮ್ಮ ಮನೆಯವ್ರ ನೆಮ್ಮದಿಗೆ ಇನ್ನೊಂದು ಮೂವತ್ತು."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು, ಸಮುದ್ರವನ್ನು ಒಮ್ಮೆಯೂ ನೋಡದವರು. ನಾನು ಪುಸ್ತಕ ಓದಿ, ಪರೀಕ್ಷೆ ಬರೆದು ಕಲಿತದ್ದನ್ನು ಅವರು ಕೇಬಲ್ ಬಿಚ್ಚುತ್ತಲೇ ಹೇಳಿ ಮುಗಿಸಿದರು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮೂರೂ ಟಾರ್ಚುಗಳನ್ನು ಹತ್ತಿಸಿ, ನೈಲಾನ್ ದಾರದಲ್ಲಿ ಕ್ಯಾಮೆರಾದ ಕೆಳಗೆ ಅದರ ಕಣ್ಣಿಗೆ ಕಾಣುವಂತೆ ಕಟ್ಟಿ ಇಳಿಸಿದರು. ನೀರು ಮುಟ್ಟುವವರೆಗೆ ನನ್ನ ದೊಡ್ಡ ಟಾರ್ಚಿನದೇ ದರ್ಬಾರು. ಅದರ ಬೆಳಕಿನಲ್ಲಿ ಉಳಿದೆರಡು ಕಾಣುತ್ತಲೇ ಇರಲಿಲ್ಲ. ಲೆಕ್ಕ ನೂರ ಎಪ್ಪತ್ತಕ್ಕೆ ಬಂದಾಗ ಅದು ಯಾರೂ ಮುಟ್ಟದೆಯೇ ಒಂದೊಂದೇ ಥರ ಬದಲಾಯಿಸಿಕೊಳ್ಳುತ್ತ, ಕೊನೆಗೆ ಮಿಣಕ್ ಮಿಣಕ್ ಎಂದು ಆರಿಹೋಯಿತು. ಸಣ್ಣವೆರಡು ಪರದೆಯಲ್ಲಿ ಸುಮ್ಮನೆ ಉರಿಯುತ್ತಿದ್ದವು. ಅರ್ಧ ಗಂಟೆ ಅವನ್ನು ಕೆಳಗೇ ಬಿಟ್ಟು ಕೂತೆವು. ಅವರ ಹೆಂಡತಿ ಕಾಫಿ ತಂದುಕೊಟ್ಟರು. ಇನ್ನು ನಾಲ್ಕೇ ವಾರಕ್ಕೆ ಆ ಆರಿಹೋದ ದೀಪವನ್ನೇ ನಂಬಿಕೊಂಡು ನಾನು ಹಡಗಿನೊಳಗೆ ಹೋಗುವವಳಿದ್ದೆ.

ಮೇಲೆತ್ತಿ ದೊಡ್ಡ ಟಾರ್ಚನ್ನು ಬಿಚ್ಚಿದರೆ ಒಳಗೆ ನೀರು. ಮುನಿರಾಜಣ್ಣ ಕನ್ನಡಕ ಹಾಕಿಕೊಂಡು, ನೀರು ತಡೆಯುವ ರಬ್ಬರ್ ರಿಂಗನ್ನು ಬೆರಳ ಮೇಲೆ ತಿರುಗಿಸಿ ನೋಡಿ, ಅದಕ್ಕೆ ಅಡ್ಡಲಾಗಿ ಅಂಟಿದ್ದ ಒಂದು ಉದ್ದ ಕೂದಲನ್ನು ಎಳೆದರು.

"ನಿಮ್ದಲ್ಲ ಬಿಡಿ. ಇದು ಕೆಂಪಗೈತೆ."

ಯಾರದೆಂದು ನನಗೆ ಗೊತ್ತಿತ್ತು. ಹದಿನೈದು ದಿನಕ್ಕೊಮ್ಮೆ ಮೆಹಂದಿಗೆ ಬರುವ ಎದುರು ರಸ್ತೆಯ ಟೀಚರ್‌ದು. ನಾನು ಟಾರ್ಚ್ ಬಿಚ್ಚಿ ಚಾರ್ಜಿಗೆ ಹಾಕುತ್ತಿದ್ದದ್ದು ಪಾರ್ಲರಿನಲ್ಲೇ, ಬಾಚಣಿಗೆಗಳ ಪಕ್ಕದಲ್ಲಿ. ನಕ್ಕುಬಿಟ್ಟೆ.

"ಲೈಟಿನ ತಪ್ಪಿಲ್ಲ ಇದ್ರಾಗೆ" ಎಂದರು ಅವರು. "ಕೂದ್ಲು ಇರೋ ಕಡೆ ರಬ್ಬರು ಸರಿಯಾಗಿ ಕೂರಲ್ಲ, ನೀರಿಗೆ ಅಷ್ಟು ಸಂದಿ ಸಾಕು. ಆದ್ರೆ ಇದಕ್ಕೆ ಇರೋದೇ ಒಂದು ರಿಂಗು. ಆ ಸಣ್ಣವಕ್ಕೆ ಎರಡೆರಡು ಐತೆ ನೋಡಿ. ಒಂದು ಬಿಟ್ರೂ ಇನ್ನೊಂದು ಇಡ್ಕೊಳ್ತದೆ. ಬಟನ್ ತೂತಿಲ್ಲ, ಅಂಗಡೀಲಿ ಸಿಗೋ ಸೆಲ್ಲೇ ಸಾಕು. ನಾವು ತಪ್ಪು ಮಾಡೇ ಮಾಡ್ತೀವಿ ಅಂತ ತಿಳ್ಕೊಂಡು ಮಾಡಿರೋ ಲೈಟು ಇವು."

ನಾನು ಆಟದ ಸಾಮಾನು ಎಂದುಕೊಂಡಿದ್ದವನ್ನು ಅವರು ಅಂಗೈ ಮೇಲಿಟ್ಟುಕೊಂಡು ಮೆಚ್ಚುಗೆಯಿಂದ ನೋಡುತ್ತಿದ್ದರು. ನಿಮಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ ಹಳೆಯ ಕಥೆಯೊಂದನ್ನು ಹೇಳಿದರು. ಅವರ ಮೊದಲ ಕ್ಯಾಮೆರಾ ದೊಡ್ಡಬಳ್ಳಾಪುರದ ಕಡೆ ಒಂದು ತೋಟದ ಬೋರ್‌ವೆಲ್‌ನಲ್ಲಿ ಏಳುನೂರು ಅಡಿಯಲ್ಲಿದ್ದಾಗ ದೀಪ ಆರಿತಂತೆ. ಏನೂ ಕಾಣದೆ ಎಳೆದಿದ್ದಾರೆ, ಬಂಡೆಗೆ ಸಿಕ್ಕಿಕೊಂಡು ಕೇಬಲ್ ಕಿತ್ತುಬಂದಿದೆ. "ಆ ಕ್ಯಾಮೆರಾ ಇನ್ನೂ ಅಲ್ಲೇ ಐತೆ ಕಣಮ್ಮ." ಆಮೇಲೆ ಎಂಟು ತಿಂಗಳು ಗೊರಗುಂಟೆಪಾಳ್ಯದಲ್ಲಿ ಗೂಡ್ಸ್ ಆಟೋ ಓಡಿಸಿದ್ದಾರೆ. ಮತ್ತೆ ಕ್ಯಾಮೆರಾ ಕೊಂಡಾಗ, ಅದಕ್ಕೆ ಬೇರೆ ವೈರಿನ ಎರಡನೇ ದೀಪವನ್ನು ತಾವೇ ಕೂರಿಸಿದ್ದಾರೆ.

ಹೊರಡೋಣ ಎಂದುಕೊಂಡರೆ ಅವರು ಬಿಡಲಿಲ್ಲ. ಸಣ್ಣವೆರಡನ್ನೂ ಆಫ್ ಮಾಡಿ ಇನ್ನೊಮ್ಮೆ ಇಳಿಸಬೇಕೆಂದರು. ಆಫ್ ಮಾಡಿದ್ದನ್ನು ಇಳಿಸಿ ಏನು ನೋಡುವುದು ಎಂದು ನನಗೆ ಅರ್ಥವಾಗಲಿಲ್ಲ. "ನೀವು ಸಮುದ್ರಕ್ಕೆ ಒಯ್ಯೋದು ಆಫ್ ಮಾಡ್ಕೊಂಡೇ ಅಲ್ವಾ?" ಎಂದರು. ಇನ್ನೂರು ಅಡಿ ದಾಟುತ್ತಿದ್ದಂತೆ ಒಂದು ಟಾರ್ಚು ತಾನಾಗಿಯೇ ಹತ್ತಿಕೊಂಡಿತು. ನಾನು ಬೆಚ್ಚಿಬಿದ್ದೆ. ಅವರು ಮಾತ್ರ ತಲೆಯಾಡಿಸಿದರು. ಆಳದಲ್ಲಿ ನೀರು ಟಾರ್ಚಿನ ತಲೆಯನ್ನು ಒಳಕ್ಕೆ ಒತ್ತುತ್ತದೆ. ಆಫ್ ಮಾಡುವಾಗ ಸಾಕಷ್ಟು ತಿರುಗಿಸಿರದಿದ್ದರೆ ಆ ಒತ್ತಡಕ್ಕೇ ದೀಪ ಹತ್ತಿ, ನಮಗೆ ಬೇಕಾಗುವ ಹೊತ್ತಿಗೆ ಸೆಲ್ ಖಾಲಿ. ಹಾಗೆಂದು ತುಂಬಾ ತಿರುಗಿಸಿದರೆ ರಿಂಗು ಸಡಿಲ.

ಎಷ್ಟು ತಿರುಗಿಸಬೇಕು ಎಂದು ನಾಲ್ಕು ಸಲ ಇಳಿಸಿ ಕಂಡುಹಿಡಿದರು. ಗುರುತಿಗೆ ಪೇಂಟ್ ಹುಡುಕುತ್ತಿದ್ದಾಗ ನಾನು ಬ್ಯಾಗಿನಿಂದ ನೇಲ್ ಪಾಲಿಶ್ ತೆಗೆದೆ. ಅದು ನನ್ನ ಕಸುಬು ನೋಡಿ. ಒಂದಕ್ಕೆ ಕೆಂಪು ಚುಕ್ಕೆ, ಇನ್ನೊಂದಕ್ಕೆ ಬಿಳಿ, ತಲೆಗೊಂದು ಮೈಗೊಂದು. ಚುಕ್ಕೆ ಎರಡೂ ಎದುರುಬದುರು ಬಂದರೆ ಸರಿಯಾಗಿ ಆಫ್ ಆಗಿದೆ ಎಂದು ಲೆಕ್ಕ. "ಕತ್ತಲಲ್ಲಿ ಚುಕ್ಕೆ ಕಾಣಲ್ಲ. ಕೈಗೆ ಅಭ್ಯಾಸ ಆಗ್ಬೇಕು" ಎಂದು ಹೇಳಿ ಕಳಿಸಿದರು. ಅಂದಿನಿಂದ ಗಿರಾಕಿ ಇಲ್ಲದಾಗಲೆಲ್ಲ ಕಣ್ಣ ಮೇಲೆ ಸೌತೆಕಾಯಿ ಬಿಲ್ಲೆ ಇಟ್ಟುಕೊಂಡು, ಪಾರ್ಲರಿನ ಕುರ್ಚಿಯಲ್ಲಿ ಒರಗಿ ಟಾರ್ಚು ತಿರುಗಿಸುವುದೇ ನನ್ನ ಕೆಲಸವಾಯಿತು.

ಹೊರಡುವ ದಿನ ಬಂತು. ಸೂಟ್‌ಕೇಸ್ ತುಂಬಿ ತುಳುಕುತ್ತಿತ್ತು. ಮೇನ್ ಲೈಟ್ ಅವರೇ ಕೊಡುತ್ತಾರೆ, ಬೋರ್‌ವೆಲ್‌ನಲ್ಲಿ ಪಾಸಾದ ಟಾರ್ಚು ಒಂದಿದ್ದರೆ ಧಾರಾಳ, ಇನ್ನೊಂದನ್ನು ಅಲ್ಲೇ ಯಾರಿಂದಲಾದರೂ ಇಸಿದುಕೊಂಡು ಸರ್‌ಗೆ ತೋರಿಸಿದರಾಯಿತು ಎಂದು ಕೆಂಪು ಚುಕ್ಕೆಯದನ್ನು ಮಾತ್ರ ಬಟ್ಟೆಗಳ ನಡುವೆ ತುರುಕಿದ್ದೆ. ಕ್ಯಾಬ್ ಬಂದು ನಿಂತಿತ್ತು. ಆಗ ಮುನಿರಾಜಣ್ಣನ ಫೋನು.

"ಎರಡೂ ಇಟ್ಕೊಂಡ್ರೇನಮ್ಮ?"

"ಹೂಂ ಅಣ್ಣ, ಎರಡೂ ಇಟ್ಕೊಂಡೆ."

"ಸರಿ ಕಣಮ್ಮ. ಉಷಾರಾಗಿ ಓಗಿ ಬನ್ನಿ."

ಫೋನ್ ಇಟ್ಟೆ. ಒಂದು ಇಡೀ ಭಾನುವಾರ ನನಗಾಗಿ ಕೂತು, ಮತ್ತೆ ಮತ್ತೆ ಕೇಬಲ್ ಸುತ್ತಿದ ಮನುಷ್ಯ. ಅಂಥವರಿಗೆ ಚೂರೂ ಅಳುಕದೆ ಸುಳ್ಳು ಹೇಳಿದ್ದೆ. ನನಗೇ ಹೇಸಿಗೆ ಎನಿಸಿತು. ಡ್ರೈವರಿಗೆ "ಎರಡು ನಿಮಿಷ ಇರಿ" ಎಂದು ಮೇಲೆ ಓಡಿ, ಬಿಳಿ ಚುಕ್ಕೆಯ ಟಾರ್ಚನ್ನೂ ತಂದು ಕೈಚೀಲಕ್ಕೆ ಹಾಕಿಕೊಂಡೆ. ಅದು ಬೇಕಾಗುತ್ತದೆಂದು ತಂದದ್ದಲ್ಲ, ಹೇಳಿದ ಸುಳ್ಳನ್ನು ನಿಜ ಮಾಡಲು ತಂದದ್ದು.

ಹಡಗಿನೊಳಗೆ ಹೋದದ್ದು ಬೆಳಿಗ್ಗೆ ಹತ್ತರ ಹೊತ್ತಿಗೆ. ಮೇಲೆ ಸುಡುಬಿಸಿಲು, ಕೆಳಗೆ ಆ ತುಕ್ಕು ಹಿಡಿದ ಬಾಗಿಲು ದಾಟುತ್ತಿದ್ದಂತೆ ಕತ್ತಲು. ಥಾಮಸ್ ಸರ್ ಮುಂದೆ, ನಾನು ಹಿಂದೆ. ಈಜಲೆಂದು ಕಾಲಿಗೆ ಹಾಕಿಕೊಂಡಿದ್ದ ರಬ್ಬರ್ ರೆಕ್ಕೆ ತಳಕ್ಕೆ ತಾಗಿ ಹೂಳು ಎದ್ದಿತು. ಸರ್ ಬೆಳಕು ಮಸುಕಾಗಿ ಮಾಯವಾಯಿತು. ಸರಿಯಾಗಿ ಅದೇ ಹೊತ್ತಿಗೆ ನನ್ನ ಕೈಯಲ್ಲಿದ್ದ ಮೇನ್ ಲೈಟ್ ಆರಿತು.

ಆ ಕತ್ತಲನ್ನು ಹೇಗೆ ಹೇಳಲಿ. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ನನ್ನ ಉಸಿರಿನ ಗುಳ್ಳೆಗಳ ಸದ್ದು ಮಾತ್ರ, ಅದೂ ಜೋರಾಗುತ್ತಿತ್ತು. ಮಗಳ ಮುಖ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ನಾನು ಹೇಳದೆಯೇ ಬಲಗೈ ಬಲ ಭುಜದ ಪಟ್ಟಿಗೆ ಹೋಗಿತ್ತು. ಸಿಕ್ಕಿಸಿದ್ದ ಟಾರ್ಚಿನ ತಲೆಯನ್ನು ಬೆರಳುಗಳು ತಿರುಗಿಸಿದವು, ಥೇಟ್ ಸೌತೆಕಾಯಿ ಬಿಲ್ಲೆ ಇಟ್ಟುಕೊಂಡು ತಿರುಗಿಸುತ್ತಿದ್ದ ಹಾಗೆ. ಹತ್ತಿತು. ಹೂಳಿನೊಳಗೆ ಸಣ್ಣ ಹಳದಿ ಬೆಳಕು. ಅದನ್ನು ಎಡಕ್ಕೂ ಬಲಕ್ಕೂ ಬೀಸಿದೆ. ಸರ್ ಅದನ್ನು ನೋಡಿಯೇ ಹಿಂತಿರುಗಿ ಬಂದು ನನ್ನ ತೋಳು ಹಿಡಿದರು. ಬ್ಯಾಕಪ್ ಹತ್ತಿದರೆ ಡೈವ್ ಮುಗಿಯಿತೆಂದೇ ನಿಯಮ. ನಿಧಾನವಾಗಿ ಮೇಲೆ ಬಂದೆವು. ದೋಣಿಯಲ್ಲಿ ಕೂತು ನಾನು ಅತ್ತೆ.

ಬೆಂಗಳೂರಿಗೆ ಬಂದ ಮೊದಲ ಭಾನುವಾರವೇ ಶೆಟ್ಟಿಹಳ್ಳಿಗೆ ಹೋದೆ. ಮುನಿರಾಜಣ್ಣ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಹತ್ತಿದ್ದು ಯಾವುದು?"

"ಬಿಳಿ ಚುಕ್ಕೇದು."

"ಕೆಂಪು ಚುಕ್ಕೇದು?"

"ಅದು ಎಡಗಡೆ ಇತ್ತು, ಬೇಕಾಗ್ಲಿಲ್ಲ ಅಣ್ಣ."

"ಇಳಿಯೋಕ್ಮುಂಚೆ ಹತ್ತಿಸಿ ನೋಡಿದ್ರಾ?"

"ಬಿಳೀದು ನೋಡ್ದೆ. ಕೆಂಪಗಿರೋದನ್ನ ನೀವೇ ನೋಡಿದ್ರಲ್ಲಾ ಅಂತ..."

"ನಾನು ನೋಡಿದ್ದು ಓದ್ ತಿಂಗಳು ಕಣಮ್ಮ" ಎಂದು ಕೈ ಚಾಚಿದರು.

ಕೊಟ್ಟೆ. ಅವರು ತಲೆ ತಿರುಗಿಸಿದರು. ಹತ್ತಲಿಲ್ಲ. ಬಿಚ್ಚಿದರೆ ಒಳಗೆ ಒಣಗಿಯೇ ಇತ್ತು, ಸೆಲ್ ಮಾತ್ರ ಪೂರ್ತಿ ಖಾಲಿ. ಸೂಟ್‌ಕೇಸಿಗೆ ತುರುಕುವಾಗ ನಾನು ಚುಕ್ಕೆಗೆ ಚುಕ್ಕೆ ಕೂಡಿಸಿರಲಿಲ್ಲ. ಬಟ್ಟೆಗಳ ನಡುವೆ ತಲೆ ಒತ್ತಿ ತಾನಾಗಿ ಹತ್ತಿಕೊಂಡು, ಅಂಡಮಾನ್ ಮುಟ್ಟುವವರೆಗೂ ಉರಿದು ಸತ್ತಿರಬೇಕು. ಅದನ್ನೇ ಭುಜಕ್ಕೆ ಸಿಕ್ಕಿಸಿಕೊಂಡು ನಾನು ಹಡಗಿನೊಳಗೆ ಹೋಗಿದ್ದೆ.

ಅಲ್ಲೇ ಬೋರ್‌ವೆಲ್ ಕಟ್ಟೆಯ ಮೇಲೆ ಕೂತೆ. ಹೇಳದೆ ಇರಲಾಗಲಿಲ್ಲ. "ಅಣ್ಣಾ, ನೀವು ಫೋನ್ ಮಾಡಿದಾಗ ನಾನು ಸುಳ್ಳು ಹೇಳ್ದೆ. ಆಗ ಇಟ್ಕೊಂಡಿದ್ದು ಇದೊಂದೇ. ಆಮೇಲೆ ನಾಚ್ಕೆ ಆಗಿ ಬಿಳೀದನ್ನ ತಂದೆ."

ಬೈಯುತ್ತಾರೆ ಎಂದುಕೊಂಡೆ. ಅವರು ಒಳಗೆ ಹೋಗಿ ಹೊಸ ಸೆಲ್ ತಂದರು, ರಬ್ಬರ್ ರಿಂಗನ್ನು ಒರೆಸಿ ಬೆಳಕಿಗೆ ಹಿಡಿದು ಸುತ್ತಲೂ ನೋಡಿದರು, ಚುಕ್ಕೆಗೆ ಚುಕ್ಕೆ ಕೂಡಿಸಿದರು. ಆಮೇಲೆ ಎರಡೂ ಟಾರ್ಚನ್ನು ಕ್ಯಾಮೆರಾಗೆ ಕಟ್ಟಿ ಮತ್ತೆ ಬಾವಿಗೆ ಇಳಿಸತೊಡಗಿದರು. ಕೇಬಲ್ ಬಿಡುತ್ತ, ಪರದೆಯಿಂದ ಕಣ್ಣು ತೆಗೆಯದೆ, ಮೆಲ್ಲಗೆ ಹೇಳಿದರು: "ಆ 'ಹೂಂ' ಸ್ವಲ್ಪ ಬೇಗ ಬಂದಂಗಿತ್ತು. ಅವತ್ತೆಲ್ಲಾ ನಂಗೆ ಊಟ ಸೇರಿಲ್ಲ ಕಣಮ್ಮ."

ನಾನು ಅವರಿಗೆ ಯಾರೂ ಅಲ್ಲ. ಕೆಸರು ನೀರು ಬಂದ ಕಟ್ಟಡದಲ್ಲಿ ಒಂದು ಪ್ರಶ್ನೆ ಕೇಳಿದವಳು, ಅಷ್ಟೇ. ಅಂಥವಳಿಗಾಗಿ ಶೆಟ್ಟಿಹಳ್ಳಿಯಲ್ಲಿ ಒಬ್ಬರು ಒಂದು ದಿನ ಊಟ ಬಿಟ್ಟಿದ್ದರು. ಆ ಹಡಗನ್ನು ಮುಂದಿನ ವರ್ಷ ಮತ್ತೆ ಹೋಗಿ ಪೂರ್ತಿ ನೋಡಿ ಬಂದೆ. ಎರಡೂ ಭುಜದಲ್ಲಿ ಎರಡೂ ಟಾರ್ಚು ಇದ್ದವು, ಎರಡನ್ನೂ ದೋಣಿಯಲ್ಲಿ ನಾನೇ ಹತ್ತಿಸಿ ನೋಡಿದ್ದೆ.

ಈಗ ಮನೆಯಲ್ಲಿ ಯಾರಾದರೂ ಗ್ಯಾಸ್ ಆಫ್ ಮಾಡಿದ್ದೀಯಾ, ಬಾಗಿಲು ಹಾಕಿದ್ದೀಯಾ ಎಂದು ಕೇಳಿದರೆ ಮೊದಲಿನಂತೆ "ಹೂಂ" ಅನ್ನಲು ಬಾಯಿ ಬರುವುದಿಲ್ಲ. ಎದ್ದು ಹೋಗಿ, ಕೈಯಿಂದ ಮುಟ್ಟಿ ನೋಡಿ ಬಂದು, ಆಮೇಲೆ "ಹೂಂ" ಎನ್ನುತ್ತೇನೆ.